ಲೆಕ್ಕದಲ್ಲಿ ಬರೆಯದೆ ಬಿಟ್ಟ ವೆಚ್ಚ

ಲಾಭದ ವಿಷಯವಾಗಿ ನಮ್ಮ ಹಳ್ಳಿಗಳಲ್ಲಿ ಎರಡು ತರದ ಮಾತುಗಳು ಕೇಳಬರುತ್ತವೆ. ಲಾಭ ಮಾಡುವವನು ಮತ್ತೊಬ್ಬನ ಕೊರಳು ಕೊಯ್ಯುವವನೇ ಸರಿ, ಆದಕಾರಣ ಲಾಭವೆಂಬದೇ ಕೆಟ್ಟದ್ದು ಎಂದು ಕೆಲವರು ಹೇಳುತ್ತಾರೆ. ಲಾಭ ಬಂದವನು ಬುದ್ಧಿವಂತನು, ನಷ್ಟವಾದವನು ಸೋಮಾರಿಯು ಎಂದು ಬೇರೆ ಕೆಲವರು ಹೇಳುತ್ತಾರೆ. ಈ ಎರಡು ಪಕ್ಷದವರೂ ಒಂದು ಪ್ರಶ್ನೆಯನ್ನು ಕೇಳದೆ ಬಿಡುತ್ತಾರೆ. ಅದೇನಂದರೆ, ಲಾಭವೆಂದು ಕರೆಯಲ್ಪಡುವ ಆ ಹಣವು ನಿಜವಾಗಿ ಲಾಭವೋ, ಇಲ್ಲವೆ ಯಾರಿಗೋ ಸಲ್ಲತಕ್ಕ ಕೂಲಿಯು ಸಲ್ಲದೆ ಉಳಿದದ್ದೋ? ಪ್ರಿಯ ವಾಚಕರೇ, ಇದನ್ನು ನಾವು ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ.

ಮೊದಲು ಮೂರು ಶಬ್ದಗಳ ಅರ್ಥವನ್ನು ತಿಳಿದುಕೊಳ್ಳಬೇಕು. ಮಾಲನ್ನು ಮಾರಿದಾಗ ಕೈಗೆ ಬರುವ ಒಟ್ಟು ಹಣವು ಹುಟ್ಟುವಳಿ. ಆ ಮಾಲು ಉಂಟಾಗುವದಕ್ಕೂ ಪೇಟೆಗೆ ಮುಟ್ಟುವದಕ್ಕೂ ತಗಲಿದ್ದೆಲ್ಲಾ ವೆಚ್ಚ. ಹುಟ್ಟುವಳಿಯಿಂದ ವೆಚ್ಚವನ್ನು ಕಳೆದ ಮೇಲೆ ಉಳಿಯುವದು ಲಾಭ. ಇದನ್ನು ಶಾಲೆಯ ಹುಡುಗನೂ ಬಲ್ಲನು. ಆದರೆ ಯಾದಗಿರಿಯ ಪೇಟೆಯಲ್ಲಿ ತೊಗರಿ ಮಾರಿ ನೋಟಿನ ಕಂತೆಯನ್ನು ಕಿಸೆಯಲ್ಲಿಟ್ಟುಕೊಂಡು ಊರಿಗೆ ತಿರುಗುವ ಒಕ್ಕಲಿಗನು ಆ ಹೊತ್ತಿನಲ್ಲಿ ಈ ಮೂರನ್ನೂ ಒಂದೇ ಎಂದು ಎಣಿಸುವದು ವಾಡಿಕೆ. ಕೈಯಲ್ಲಿರುವದು ಹುಟ್ಟುವಳಿ, ಮನಸ್ಸಿನಲ್ಲಿ ಅದು ಆಗಲೇ ಲಾಭವಾಗಿ ಹೋಗಿರುತ್ತದೆ. ಮದುವೆಯ ಮಾತೂ ಮೋಟಾರು ಸೈಕಲ್ಲಿನ ಮಾತೂ ಆ ದಾರಿಯಲ್ಲಿಯೇ ಹುಟ್ಟುತ್ತವೆ.

ಹೀಗಿರಲಾಗಿ ಒಂದು ಲೆಕ್ಕವನ್ನು ಊಹಿಸಿ ನೋಡೋಣ. ಶಹಾಪುರ ತಾಲೂಕಿನಲ್ಲಿ ಒಬ್ಬಾನೊಬ್ಬ ಒಕ್ಕಲಿಗನು ಮಳೆಯನ್ನೇ ನಂಬಿದ 4 ಎಕರೆ ಸ್ವಂತ ಹೊಲದಲ್ಲಿ ತೊಗರಿ ಬಿತ್ತಿ 14 ಕ್ವಿಂಟಲ್ ಬೆಳೆದನೆಂದು ಇಟ್ಟುಕೊಳ್ಳಿರಿ. ಕ್ವಿಂಟಲಿಗೆ 7,000 ರೂಪಾಯಿಯಂತೆ ಮಾರಿದರೆ ಹುಟ್ಟುವಳಿ 98,000. ಬೀಜ, ಗೊಬ್ಬರ, ಔಷಧ, ಟ್ರ್ಯಾಕ್ಟರಿನ ಬಾಡಿಗೆ, ಆಳುಗಳ ಕೂಲಿ, ರಾಶಿಯ ಖರ್ಚು, ಗಾಡಿ, ಹಮಾಲಿ ಇವೆಲ್ಲಕ್ಕೆ ರೊಕ್ಕವಾಗಿ ಕೊಟ್ಟದ್ದು 46,000 ಆಗಿರಲಿ. ಉಳಿದದ್ದು 52,000. ಇದೇ ತನ್ನ ಲಾಭವೆಂದು ಅವನು ಹೇಳುವನು.

ಆದರೆ ಗಂಡನು 40 ದಿನ, ಹೆಂಡತಿಯು 45 ದಿನ ಆ ಹೊಲದಲ್ಲಿ ದುಡಿದಿದ್ದಾರಷ್ಟೆ. ಅವರು ಇನ್ನೊಬ್ಬರ ಹೊಲಕ್ಕೆ ಹೋಗಿದ್ದರೆ ದಿನಕ್ಕೆ 300 ರೂಪಾಯಿಯಾದರೂ ದೊರೆಯುತ್ತಿತ್ತೆಂದು ಎಣಿಸಿದರೆ 85 ದಿನಗಳ ಕೂಲಿ 25,500. ಅದನ್ನು ಕಳೆದರೆ ಉಳಿಯುವದು 26,500. ಹೊಲವನ್ನು ಮತ್ತೊಬ್ಬನಿಗೆ ಲಾವಣಿಗೆ ಕೊಟ್ಟಿದ್ದರೆ ಎಕರೆಗೆ 6,000 ಬರುತ್ತಿತ್ತೆಂದು ಹಿಡಿದರೆ ಅದು 24,000. ಕಡೆಗೆ ನಿಂತದ್ದು 2,500 ರೂಪಾಯಿ ಮಾತ್ರ. ಧಾರಣೆಯು ಕ್ವಿಂಟಲಿಗೆ 500 ಇಳಿದಿದ್ದರೆ 7,000 ಕಡಿಮೆಯಾಗಿ, ಲಾಭದ ಬದಲಿಗೆ 4,500 ರೂಪಾಯಿ ನಷ್ಟವೇ ಆಗುತ್ತಿತ್ತು. ಆಶ್ಚರ್ಯವೇನಂದರೆ, ಆ ನಷ್ಟದ ವರುಷದಲ್ಲಿಯೂ ಅವನ ಕಿಸೆಯಲ್ಲಿ 45,000 ಇರುತ್ತಿತ್ತು. ನಷ್ಟವು ಅವನ ಕಣ್ಣಿಗೆ ಕಾಣಿಸುತ್ತಲೇ ಇರಲಿಲ್ಲ.

ಇದು ನಾವು ಕಟ್ಟಿದ ಹೊಸ ಲೆಕ್ಕವಲ್ಲ. ಬೆಳೆಗಳ ಬೆಂಬಲ ಬೆಲೆಯನ್ನು ಶಿಫಾರಸು ಮಾಡುವದಕ್ಕೆ ಭಾರತ ಸರಕಾರವು 1965ರಲ್ಲಿ ಒಂದು ಆಯೋಗವನ್ನು ಸ್ಥಾಪಿಸಿತು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೆಂಬ ಹೆಸರು ಅದಕ್ಕೆ 1985ರಲ್ಲಿ ಬಂತು. ಆ ಆಯೋಗದವರು ವೆಚ್ಚವನ್ನು ಒಂದೇ ಬಗೆಯಾಗಿ ಎಣಿಸುವದಿಲ್ಲ. ಕೈಯಿಂದ ಕೊಟ್ಟ ಖರ್ಚಿಗೆ ಎ2 ಎಂದು ಹೆಸರು. ಮನೆಯವರ ದುಡಿಮೆಯ ಬೆಲೆಯನ್ನು ಅದಕ್ಕೆ ಕೂಡಿಸಿದರೆ ಎರಡನೆಯ ಲೆಕ್ಕ. ಸ್ವಂತ ಹೊಲದ ಲಾವಣಿಯನ್ನೂ ಸ್ವಂತ ಬಂಡವಾಳದ ಬಡ್ಡಿಯನ್ನೂ ಕೂಡಿಸಿದರೆ ಸಿ2 ಎಂಬ ಪೂರ್ಣ ಲೆಕ್ಕ. 2024-25ನೇ ಸಾಲಿಗೆ ದೇಶದ ಸರಾಸರಿಯಾಗಿ ಕ್ವಿಂಟಲ್ ತೊಗರಿಯ ವೆಚ್ಚವು 4,761 ರೂಪಾಯಿ ಎಂದೂ ಬೆಂಬಲ ಬೆಲೆಯು 7,550 ಎಂದೂ ಪ್ರಕಟವಾಯಿತು. ಆ 4,761 ಎರಡನೆಯ ಲೆಕ್ಕದ್ದು. ಮನೆಯವರ ದುಡಿಮೆಯು ಅದರಲ್ಲಿ ಸೇರಿದೆ, ಹೊಲದ ಲಾವಣಿಯು ಸೇರಿಲ್ಲ. ಯಾವ ಲೆಕ್ಕವನ್ನು ಹಿಡಿಯತಕ್ಕದ್ದೆಂದು ರೈತರ ಸಂಘಗಳಿಗೂ ಸರಕಾರಕ್ಕೂ ಅನೇಕ ವರುಷಗಳಿಂದ ವಾದ ನಡೆದಿದೆ. ಇದರಿಂದ ನಾವು ತಿಳಿಯತಕ್ಕದ್ದೇನು? ಲಾಭ ಎಷ್ಟೆಂಬದು ಬರೀ ಕಳೆಯುವ ಲೆಕ್ಕವಲ್ಲ. ಯಾವದನ್ನು ವೆಚ್ಚವೆಂದು ಬರೆಯಬೇಕು, ಯಾವದನ್ನು ಬಿಡಬಹುದು ಎಂಬ ನ್ಯಾಯದ ಪ್ರಶ್ನೆಯು ಅದರೊಳಗೆ ಅಡಗಿದೆ.

ಈಗ ಹೊಲವನ್ನು ಬಿಟ್ಟು ಕಾರ್ಖಾನೆಯ ಕಡೆಗೆ ನೋಡೋಣ. ಯಾದಗಿರಿಯಲ್ಲಿಯೂ ಶಹಾಪುರದಲ್ಲಿಯೂ ಹತ್ತಿಯಿಂದ ಬೀಜವನ್ನೂ ಅರಳೆಯನ್ನೂ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲುಗಳುಂಟು. ಮೂರು ಪಾಲು ಹತ್ತಿಯಲ್ಲಿ ಸುಮಾರು ಒಂದು ಪಾಲು ಅರಳೆ, ಉಳಿದದ್ದು ಹೆಚ್ಚಾಗಿ ಬೀಜ. 170 ಕಿಲೋ ತೂಕದ ಒಂದು ಬೇಲು ಆಗಬೇಕಾದರೆ 5 ಕ್ವಿಂಟಲಿನಷ್ಟು ಹತ್ತಿ ಬೇಕು. ಮಿಲ್ಲಿನವನಿಗೆ ಎರಡು ತರದ ವೆಚ್ಚಗಳಿವೆ. ಕಟ್ಟಡ, ಯಂತ್ರ, ಬ್ಯಾಂಕಿನ ಬಡ್ಡಿ, ಕಾವಲುಗಾರನ ಸಂಬಳ ಇವು ಯಂತ್ರವು ತಿರುಗಿದರೂ ನಿಂತರೂ ತಪ್ಪದ ನಿಂತ ವೆಚ್ಚಗಳು. ಹತ್ತಿಯ ಕ್ರಯ, ಆಳುಗಳ ಕೂಲಿ, ವಿದ್ಯುತ್ತು ಇವು ಕೆಲಸದ ಸಂಗಡ ಏರುವ ಇಳಿಯುವ ವೆಚ್ಚಗಳು. ಸುಗ್ಗಿಯ ಕೆಲವು ತಿಂಗಳಲ್ಲಿ ಬೇಲುಗಳು ಹೆಚ್ಚಾದಷ್ಟೂ ನಿಂತ ವೆಚ್ಚವು ಬೇಲು ಬೇಲಿಗೆ ಹಂಚಿ ಹಗುರವಾಗುತ್ತದೆ. ಆದಕಾರಣವೇ ಅವನು ಹಗಲಿರುಳು ಯಂತ್ರವನ್ನು ತಿರುಗಿಸಲು ಆತುರಪಡುತ್ತಾನೆ. ಆದರೆ ಅರಳೆಯ ಮತ್ತು ಬೀಜದ ಧಾರಣೆಯು ಏರಿಳಿಯುವ ವೆಚ್ಚಕ್ಕೂ ಸಾಲದಷ್ಟು ಇಳಿದರೆ, ಅವನು ಯಂತ್ರವನ್ನು ನಿಲ್ಲಿಸಿ ಬಾಗಿಲು ಹಾಕುತ್ತಾನೆ. ಯಾಕಂದರೆ ಕೂಲಿಯನ್ನು ಅವನು ಕೈಯಿಂದ ಕೊಡಬೇಕು. ಕೊಡುವಾಗ ನಷ್ಟವು ಅವನಿಗೆ ಕಾಣುತ್ತದೆ.

ಒಕ್ಕಲಿಗನು ಮಾತ್ರ ನಿಲ್ಲಿಸುವದಿಲ್ಲ. ತನ್ನ ಕೂಲಿಯನ್ನು ತಾನೇ ಕೊಡದೆ, ಹೆಂಡತಿಯ ಕೂಲಿಯನ್ನೂ ಕೊಡದೆ, ಮುಂದಿನ ವರುಷವೂ ಬಿತ್ತುತ್ತಾನೆ. ಹೊರಗಿನವರು ಇದನ್ನು ರೈತನ ತಾಳ್ಮೆಯೆಂದು ಹೊಗಳುತ್ತಾರೆ. ತಾಳ್ಮೆಯು ಇಲ್ಲದಿಲ್ಲ. ಆದರೆ ಆ ತಾಳ್ಮೆಯ ಕ್ರಯವನ್ನು ಯಾರು ತೆರುತ್ತಾರೆಂದು ನೋಡಿದರೆ ನಾಲ್ಕು ಗಂಟುಗಳು ಕಣ್ಣಿಗೆ ಬೀಳುತ್ತವೆ.

ಮೊದಲನೆಯದು ಹೆಂಗಸಿನ ಗಂಟು. ಕಳೆ ತೆಗೆಯುವದೂ ಹತ್ತಿ ಬಿಡಿಸುವದೂ ನಮ್ಮ ಕಡೆಯಲ್ಲಿ ಹೆಚ್ಚಾಗಿ ಹೆಂಗಸರ ಕೆಲಸ. ಹೊರಗಿನ ಆಳಾಗಿ ಬಂದರೆ ಅವಳಿಗೆ ಕೂಲಿ ಉಂಟು. ಮನೆಯ ಸೊಸೆಯಾಗಿ ಅದೇ ಸಾಲಿನಲ್ಲಿ ಬಗ್ಗಿ ದುಡಿದರೆ ಇಲ್ಲ. ಆಳಾಗಿ ಬಂದವಳಿಗೂ ಗಂಡಾಳಿಗಿಂತ ಕಡಿಮೆ ಕೊಡುವದನ್ನು ಎಷ್ಟೋ ಹೊಲಗಳಲ್ಲಿ ನೋಡುತ್ತೇವೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡತಕ್ಕದ್ದೆಂದು 1976ರಲ್ಲಿಯೇ ಕಾಯಿದೆಯಾಯಿತು.

ಎರಡನೆಯದು ಮಗುವಿನ ಗಂಟು. ಹತ್ತಿಯ ಸುಗ್ಗಿಯಲ್ಲಿ ಶಾಲೆ ಬಿಡಿಸಿ ಕರೆದೊಯ್ದ ಹುಡುಗಿಯ ಕೂಲಿ ಉಳಿಯಿತೆಂದು ಮನೆಯವರು ತಿಳಿಯುತ್ತಾರೆ. 2011ರ ಜನಗಣತಿಯಲ್ಲಿ ಅಕ್ಷರ ಬಲ್ಲವರ ಪ್ರಮಾಣವು ಕರ್ನಾಟಕದ ಎಲ್ಲಾ ಜಿಲ್ಲೆಗಳಿಗಿಂತ ಯಾದಗಿರಿಯಲ್ಲಿಯೇ ಕಡಿಮೆಯಾಗಿತ್ತು. ನೂರಕ್ಕೆ ಸುಮಾರು 52 ಮಾತ್ರ. ಅದಕ್ಕೆ ಕಾರಣಗಳು ಅನೇಕವಿರುವವು. ಆದರೂ ಶಾಲೆ ಬಿಡಿಸಿ ಉಳಿಸಿದ ಕೂಲಿಯು ಆ ಮಗುವಿನ ಮುಂದಿನ ಆಯುಷ್ಯದಿಂದ ತೆಗೆದ ಸಾಲವೇ ಹೊರತು ಉಳಿತಾಯವಲ್ಲ.

ಮೂರನೆಯದು ನೆಲದ ಗಂಟು. ಕೃಷ್ಣಾ ನದಿಗೆ ಅಡ್ಡವಾಗಿ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣವಾಯಿತು. ಸುರಪುರ ಶಹಾಪುರಗಳ ಹೊಲಗಳಿಗೆ ಕಾಲುವೆ ನೀರು ಬಂತು. ಜೋಳ ತೊಗರಿಗಳಿದ್ದಲ್ಲಿ ಬತ್ತ ಬೆಳೆಯಿತು. ಇದು ದೊಡ್ಡ ಉಪಕಾರವೆಂಬದರಲ್ಲಿ ಸಂಶಯವಿಲ್ಲ. ಆದರೆ ಎರೆ ನೆಲಕ್ಕೆ ಅಳತೆಮೀರಿ ನೀರು ಹಾಯಿಸಿ, ಬಸಿಯುವ ದಾರಿ ಮಾಡದೆ ಬಿಟ್ಟರೆ ನೆಲವು ಜವುಗಾಗುತ್ತದೆ, ಉಪ್ಪು ಮೇಲಕ್ಕೆ ಬಂದು ಸವಳಾಗುತ್ತದೆ. ಯಂತ್ರವು ಸವೆದರೆ ಮಿಲ್ಲಿನವನು ಸವಕಳಿಯೆಂದು ವೆಚ್ಚ ಬರೆಯುತ್ತಾನೆ. ನೆಲದ ಸವಕಳಿಯನ್ನು ಒಕ್ಕಲಿಗನು ಎಲ್ಲಿ ಬರೆಯುತ್ತಾನೆ? ಎಲ್ಲಿಯೂ ಇಲ್ಲ. ಅದನ್ನು ಮೊಮ್ಮಗನು ತೆರುವನು.

ನಾಲ್ಕನೆಯದು ಗುಳೆ ಹೋದವರ ಗಂಟು. ಬೇಸಿಗೆಯಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಜನರು ಬೆಂಗಳೂರಿಗೂ ಪುಣೆ ಮುಂಬಯಿಗಳಿಗೂ ಹೈದರಾಬಾದಿಗೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಂದ ಬಂದ ಹಣವು ಬೀಜ ಗೊಬ್ಬರಗಳಿಗೆ ಹೋದರೆ, ಹೊಲವು ಮನೆಯನ್ನು ಸಾಕುತ್ತಲಿಲ್ಲ, ಪಟ್ಟಣದ ಕೂಲಿಯೇ ಹೊಲವನ್ನು ಸಾಕುತ್ತದೆ ಎಂದು ತಿಳಿಯಬೇಕು.

ಇಲ್ಲಿ ಒಬ್ಬನು ಎದುರು ಮಾತಾಡಬಹುದು: ‘ಇದೆಲ್ಲವನ್ನೂ ಎಣಿಸಿದರೆ ಯಾವನೂ ಒಕ್ಕಲುತನ ಮಾಡಲಾರನು. ಗಂಡ ಹೆಂಡರ ನಡುವೆ ಕೂಲಿಯ ಲೆಕ್ಕವೇ? ತಾಯಿಯ ದುಡಿಮೆಗೆ ಬೆಲೆ ಕಟ್ಟುವದು ಅವಳಿಗೆ ಅವಮಾನವಲ್ಲವೋ?’ ಈ ಮಾತಿನಲ್ಲಿ ಸತ್ಯಾಂಶ ಉಂಟು. ಪ್ರೀತಿಯಿಂದ ಮಾಡಿದ್ದನ್ನು ರೂಪಾಯಿಯಿಂದ ಅಳೆಯಲಾಗದು. ಆದರೆ ದಾನಕ್ಕೂ ಮರೆವಿಗೂ ಭೇದವಿದೆ. ತಾನು ಇಂತಿಷ್ಟು ಕೊಟ್ಟೆನೆಂದು ಬಲ್ಲವಳು ಕೊಟ್ಟರೆ ಅದು ದಾನ. ಅವಳು ಕೊಟ್ಟದ್ದೇ ಯಾರಿಗೂ ತಿಳಿಯದೆ, ಕಡೆಗೆ ಅದು ಗಂಡನ ಲಾಭವೆಂದು ಹೆಸರು ಪಡೆದು ಅವನ ಇಷ್ಟದಂತೆ ಖರ್ಚಾದರೆ, ಅದು ದಾನವಲ್ಲ. ಲೆಕ್ಕವು ಪ್ರೀತಿಯನ್ನು ಕೊಲ್ಲುವದಿಲ್ಲ. ಪ್ರೀತಿಯ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನು ಬೈಲಿಗೆ ತರುತ್ತದೆ.

ಹಾಗಾದರೆ ಲಾಭವೇ ಬೇಡವೋ? ಬೇಕು, ಅವಶ್ಯವಾಗಿ ಬೇಕು. ಮಳೆ ತಪ್ಪುವ ನಾಡಿನಲ್ಲಿ ಒಳ್ಳೇ ವರುಷದ ಲಾಭವೇ ಕೆಟ್ಟ ವರುಷದ ರೊಟ್ಟಿ. ಲಾಭವಿಲ್ಲದ ಮಿಲ್ಲು ಮುಚ್ಚಿದರೆ ಹಸಿಯುವವರು ಅದರ ಆಳುಗಳೇ. ಲಾಭವು ಎಲ್ಲಿಗೆ ನಿಲ್ಲಬೇಕೆಂಬದಕ್ಕೆ ನಮ್ಮ ನೆರೆಯ ಲಿಂಗಸೂಗೂರು ಸೀಮೆಯವರೆಂದು ಹೇಳಲ್ಪಡುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ಜನರು ಬಲ್ಲರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ಜೀವಿಸುತ್ತಿದ್ದ ಮಾರಯ್ಯನು ಒಂದು ದಿವಸ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಹೇಳಿದಳಂತೆ. ನಮ್ಮ ಬಡ ಒಕ್ಕಲಿಗನಿಗೆ ಹೆಚ್ಚಾದದ್ದನ್ನು ಸುರಿಯುವ ಪ್ರಸಂಗವು ಅಪರೂಪ. ಆದರೂ ಆ ಕಥೆಯಲ್ಲಿ ಒಂದು ಮಾತನ್ನು ಗಮನಿಸಬೇಕು: ತಂದದ್ದು ಎಷ್ಟು, ಬೇಕಾದದ್ದು ಎಷ್ಟು ಎಂದು ಅಳೆದವಳು ಹೆಂಡತಿ, ಅವಳ ಅಳತೆಗೆ ಗಂಡನು ಒಳಪಟ್ಟನು.

ಧಾರಣೆಯು ನಮ್ಮ ಕೈಯಲ್ಲಿಲ್ಲವೆಂಬದು ನಿಜ. 2015ರಲ್ಲಿ ತೊಗರಿಯ ಬೆಲೆಯು ಬಹಳವಾಗಿ ಏರಿತು. ಅದನ್ನು ನೋಡಿ ಮುಂದಿನ ವರುಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಚೆನ್ನಾಯಿತು. 2016-17ರ ಸುಗ್ಗಿಯಲ್ಲಿ ಪೇಟೆಯ ಧಾರಣೆಯು 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಹೋಯಿತು. ಬೆಳೆ ಹೆಚ್ಚಿತು, ಹುಟ್ಟುವಳಿ ಕುಗ್ಗಿತು. ಇದು ಒಬ್ಬ ರೈತನ ದೋಷವಲ್ಲ. ಆದಕಾರಣ ನಷ್ಟವಾದವನನ್ನು ಸೋಮಾರಿ ಎನ್ನುವವರು ತಮ್ಮ ಬಾಯಿಗೆ ಕಡಿವಾಣ ಹಾಕಿಕೊಳ್ಳಲಿ. ಬೆಲೆಯನ್ನು ನಾವು ಆಳಲಾರೆವು. ವೆಚ್ಚವನ್ನು ಮಾತ್ರ ಸ್ವಲ್ಪಮಟ್ಟಿಗೆ ಆಳಬಹುದು, ಅದೂ ಅದನ್ನು ಬರೆದಿಟ್ಟವನಿಗೆ ಸಾಧ್ಯ.

ಆದದರಿಂದ ನಾವು ಹೇಳುವದು ದೊಡ್ಡ ಸಂಗತಿಯಲ್ಲ. ಬರುವ ಬಿತ್ತನೆಯಿಂದ ಮನೆಯಲ್ಲಿ ಒಂದು ನೋಟ್‌ಬುಕ್ಕು ಇರಲಿ. ಒಂದು ಪುಟದಲ್ಲಿ ರೊಕ್ಕವಾಗಿ ಕೊಟ್ಟದ್ದನ್ನೂ ಎದುರಿನ ಪುಟದಲ್ಲಿ ಮನೆಯವರು ದುಡಿದ ದಿನಗಳನ್ನೂ, ಅವರವರ ಹೆಸರಿನ ಮುಂದೆ, ಬರೆಯಿರಿ. ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಮಗುವು ಬರೆಯಲಿ. ಅದಕ್ಕೋಸ್ಕರವಾದರೂ ಅದನ್ನು ಶಾಲೆಯಿಂದ ಬಿಡಿಸಬೇಡಿರಿ. ಮಾಲು ಮಾರಿದ ರಾತ್ರಿ ಆ ಪುಸ್ತಕವನ್ನು ಗಂಡನೊಬ್ಬನೇ ನೋಡದೆ, ದುಡಿದವರೆಲ್ಲರೂ ಕೂತು ನೋಡಲಿ. ಉಳಿದದ್ದನ್ನು ಏನು ಮಾಡತಕ್ಕದ್ದೆಂದು ಅವರೆಲ್ಲರೂ ಕೂಡಿ ಗೊತ್ತುಮಾಡಲಿ. ಬಹುಶಃ ಲಾಭವು ನಾವು ನೆನಸಿದ್ದಕ್ಕಿಂತ ಬಹಳ ಸಣ್ಣದಾಗಿ ಕಾಣುವದು. ಕೆಲವು ವರುಷ ಏನೂ ಉಳಿದಿರಲಾರದು. ಆದರೆ ಉಳಿದಷ್ಟು ಹಣದಲ್ಲಿ ಯಾರ ಬೆವರು ಎಷ್ಟೆಂದು ತಿಳಿದಿರುವದು. ಆಳಿಗೆ ಕೂಲಿಯನ್ನು ಕೊಟ್ಟು, ಮನೆಯವರ ದುಡಿಮೆಯನ್ನು ಎಣಿಸಿ, ನೆಲವನ್ನು ಕೆಡಿಸದೆ ಉಳಿದ ನೂರು ರೂಪಾಯಿಯನ್ನು ಮನುಷ್ಯನು ನಾಚಿಕೆಯಿಲ್ಲದೆ ನನ್ನ ಲಾಭವೆಂದು ಹೇಳಬಹುದು.