ಒಳ್ಳೆಯದೇ ಆಗುತ್ತದೆ ಎನ್ನುವ ಮೊದಲು

ಯಾದಗಿರಿ ತಾಲ್ಲೂಕಿನ ರಾಮಸಮುದ್ರದ ಸೀಮೆಯಲ್ಲಿ ಮಳೆ ನಂಬಿ ಬದುಕುವ ರೈತ ಆಶಾವಾದಿಯೋ, ನಿರಾಶಾವಾದಿಯೋ?

ಮೋಡ ಕಟ್ಟುವ ಮೊದಲೇ ಸಾಲ ತಂದು ಬೀಜ, ಗೊಬ್ಬರ ಕೊಳ್ಳುವುದನ್ನು ನೋಡಿದರೆ ಅವನಷ್ಟು ಆಶಾವಾದಿ ಇನ್ನೊಬ್ಬನಿಲ್ಲ. ಬಿತ್ತುವ ರೀತಿ ನೋಡಿದರೆ ಮಾತೇ ಬೇರೆ. ಈ ಭಾಗದ ಒಣಬೇಸಾಯದಲ್ಲಿ ಹೆಸರಿನ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವುದು ಹಳೆಯ ರೂಢಿ. ಹೆಸರು ಎರಡು, ಎರಡೂವರೆ ತಿಂಗಳಿಗೆ ಕೈಗೆ ಬಂದು ಹಬ್ಬದ ಖರ್ಚಿಗೆ ಆಗುತ್ತದೆ. ಆಳಕ್ಕೆ ಬೇರು ಬಿಡುವ ತೊಗರಿ ಮಣ್ಣಿನ ತೇವದಲ್ಲೇ ಬೆಳೆದು ಡಿಸೆಂಬರ್-ಜನವರಿಯಲ್ಲಿ ರಾಶಿಗೆ ಬರುತ್ತದೆ. ಕಟಾವಿನ ಹೊತ್ತಿಗೆ ಮಳೆ ಹಿಡಿದು ಹೆಸರು ಕೆಟ್ಟರೆ ತೊಗರಿಯ ಆಸೆ ಇರುತ್ತದೆ. ತೊಗರಿಗೆ ನೆಟೆ ರೋಗ ಬಿದ್ದರೆ ಹೆಸರಿನ ದುಡ್ಡಾದರೂ ಬಂದಿರುತ್ತದೆ. ಎರಡೂ ಹೋದರೆ ಬೆಂಗಳೂರು, ಪುಣೆ, ಮುಂಬೈ ಕಡೆಗೆ ಗುಳೆ.

ಕೆಡುಕನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಆಸೆ ಇದು. ‘ಸಕಾರಾತ್ಮಕ ಚಿಂತನೆ’ಯ ಹೆಸರಿನಲ್ಲಿ ಇಂದು ಮಾರಾಟವಾಗುವ ಸರಕಿಗೂ ಇದಕ್ಕೂ ದೂರ ಬಹಳ. 1952ರಲ್ಲಿ ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ ಬರೆದ ಪುಸ್ತಕದಿಂದ ಜನಪ್ರಿಯವಾದ ಈ ವಿಚಾರ ಈಗ ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಇಳಿದಿದೆ: ಒಳ್ಳೆಯದನ್ನೇ ಯೋಚಿಸು, ಒಳ್ಳೆಯದೇ ಆಗುತ್ತದೆ.

ಆಗುತ್ತದೆಯೇ? ಮನೋವಿಜ್ಞಾನಿ ಗೇಬ್ರಿಯೆಲ್ ಓಟಿಂಗನ್ ಮತ್ತು ಥಾಮಸ್ ವಾಡನ್ ತೂಕ ಇಳಿಸಿಕೊಳ್ಳಲು ಬಂದ ಮಹಿಳೆಯರನ್ನು ಒಂದು ವರ್ಷ ಗಮನಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಇದ್ದವರ ತೂಕ ಹೆಚ್ಚು ಇಳಿದಿತ್ತು. ತೆಳ್ಳಗಾದ ಮೇಲಿನ ಸುಖವನ್ನೇ ಕನಸು ಕಂಡವರು ಮಾತ್ರ, ಅಷ್ಟಾಗಿ ಕನಸು ಕಾಣದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು. ಗುರಿ ಮುಟ್ಟಿದ ಸುಖವನ್ನು ಮನಸ್ಸು ಮೊದಲೇ ಉಂಡುಬಿಟ್ಟರೆ ಮೈ ಬಗ್ಗಿಸುವ ಹುರುಪು ಕುಗ್ಗುತ್ತದೆ ಎಂಬುದು ಓಟಿಂಗನ್ ಅವರ ವಿವರಣೆ. ಆಸೆಯ ಜೊತೆಗೇ ಅಡ್ಡಿಯನ್ನೂ ಎದುರಿಗಿಟ್ಟುಕೊಳ್ಳಿ ಎನ್ನುತ್ತಾರೆ ಅವರು. ಅಕ್ಕಡಿ ಸಾಲಿನ ರೈತ ಮಾಡುವುದೂ ಅದನ್ನೇ.

ಹಾಗೆಂದು ಅವನ ಜಾಣತನವನ್ನು ಹಾಡಿ ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ಗುಳೆ ಹೋದ ಮನೆಯ ಮಗುವಿನ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ಮುದುಕರು ಊರಲ್ಲೇ ಉಳಿಯುತ್ತಾರೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸತ್ಯ ಹೇಳುತ್ತದೆ. ಅದೇ ರೈತರು, ಅದೇ ಬಗೆಯ ಬುದ್ಧಿಪರೀಕ್ಷೆ; ಕೊಯ್ಲಿನ ದುಡ್ಡು ಕೈಸೇರಿದ ಮೇಲೆ ಬರೆದದ್ದು ಚೆನ್ನಾಗಿತ್ತು, ಕೈ ಬರಿದಾಗಿದ್ದಾಗ ಬರೆದದ್ದು ಕಳಪೆಯಾಗಿತ್ತು. ಬಡತನದ ಚಿಂತೆ ತಲೆಯ ಜಾಗವನ್ನೇ ತಿನ್ನುತ್ತದೆ. ಅಂಥವನಿಗೆ ‘ಧೈರ್ಯವಾಗಿರು’ ಎನ್ನುವುದು ಸುಲಭ. ಸಾಲದ ಕಂತು ಮುಂದೂಡುವುದು, ಬೆಳೆವಿಮೆಯ ಹಣ ಹೊತ್ತಿಗೆ ಸರಿಯಾಗಿ ಕೊಡುವುದು ಕಷ್ಟ. ಅವನ ತಲೆ ಹಗುರಾಗುವುದು ಈ ಕಷ್ಟದ ಕೆಲಸಗಳಿಂದ.

ನಿದ್ದೆಗೆಟ್ಟು, ಅನ್ನ ಸೇರದೆ ದಿನ ಕಳೆಯುವವರಿಗೆ ಇದೂ ಸಾಲದು. ಅವರಿಗೆ ಬೇಕಾದದ್ದು ಚಿಕಿತ್ಸೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳ ಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರಿಂದ ‘ಟೆಲಿ ಮಾನಸ್’ ಸಹಾಯವಾಣಿಯೂ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.