ಬೆಳಕಿಗೆ ವಾಲಿದ ತುಳಸಿ

ಮುಂಬಯಿಯ ಬ್ಲಾಕುಗಳಲ್ಲಿ ತುಳಸಿಗೆ ಅಂಗಳವೆಲ್ಲಿಯದು? ಕಿಟಕಿಯ ಕಟ್ಟೆಯೇ ಬೃಂದಾವನ. ಅಲ್ಲಿ ಬೆಳೆದ ಗಿಡ ನೆಟ್ಟಗೆ ನಿಲ್ಲದೆ ಸರಳುಗಳ ಕಡೆಗೆ ವಾಲುತ್ತದೆ. ಮಿತ್ರರೊಬ್ಬರು ತಮ್ಮ ಮನೆಯ ಅಂಥದೊಂದು ಗಿಡವನ್ನು ತೋರಿಸಿ, "ನಮ್ಮ ಮಕ್ಕಳೂ ಹೀಗೆಯೇ ಸ್ವಾಮಿ. ಬೆಳಕು ಕಂಡತ್ತ ಬಾಗಿದರು, ಮನೆಗೆ ಬೆನ್ನು ಹಾಕಿದರು" ಎಂದರು. ಮಾತೇನೋ ಚೆನ್ನಾಗಿತ್ತು. ಆದರೆ ಗಿಡದ ಮೇಲೆ ಹೊರಿಸಿದ ಆ ಆರೋಪ ನ್ಯಾಯವೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನ ನೆರವಿನಿಂದ ಹುಲ್ಲಿನ ಮೊಳಕೆಗಳನ್ನು ಪರೀಕ್ಷಿಸಿ 1880ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದ. ಮೊಳಕೆಯ ತುದಿಗೆ ಬೆಳಕು ತಾಗದಂತೆ ಟೊಪ್ಪಿಗೆ ತೊಡಿಸಿದರೆ ಅದು ಬಾಗಲಿಲ್ಲ. ತುದಿಯನ್ನು ಬಿಟ್ಟು ಕೆಳಭಾಗವನ್ನು ಮುಚ್ಚಿದರೆ ಬಾಗಿತು. ಬೆಳಕನ್ನು ಅರಿತದ್ದು ತುದಿ, ಬಾಗಿದ್ದು ಅದರ ಕೆಳಗಿನ ಭಾಗ! ನಡುವೆ ಸುದ್ದಿ ಒಯ್ಯುವ ವಸ್ತುವೊಂದಿದೆಯೆಂದು 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ತೋರಿಸಿಕೊಟ್ಟ. ಅದೇ ಆಕ್ಸಿನ್. ಒಂದೇ ಕಡೆಯಿಂದ ಬೆಳಕು ಬಿದ್ದಾಗ ಅದು ನೆರಳಿನ ಬದಿಗೆ ಸರಿಯುತ್ತದೆ. ಅಲ್ಲಿಯ ಜೀವಕೋಶಗಳು ಹೆಚ್ಚು ಉದ್ದವಾಗುತ್ತವೆ. ಕಾಂಡ ಬೆಳಕಿನತ್ತ ಬಾಗುತ್ತದೆ. ಎಂದ ಮೇಲೆ, ಗಿಡವನ್ನು ಕಿಟಕಿಯಾಚೆಗೆ ಚಾಚಿದ್ದು ಮನೆಯೊಳಗಿನ ಮಬ್ಬಿಗೆ ಮುಖ ಮಾಡಿದ ಬದಿಯೇ. ಇದನ್ನು ಓದಿದ ದಿನ ಮಿತ್ರರ ಮಾತು ನನಗೆ ಇನ್ನಷ್ಟು ಚುಚ್ಚಿತು.

ಗಿಡಕ್ಕೆ ಮನಸ್ಸಿಲ್ಲ, ಆದ್ದರಿಂದ ಪಾಪಪುಣ್ಯಗಳೂ ಇಲ್ಲ ಎಂದು ವಾದ ಮುಗಿಸಬಹುದು. ಮಕ್ಕಳಿಗೆ ಮನಸ್ಸಿದೆ; ಹೋಲಿಕೆ ಅಲ್ಲಿಗೆ ನಿಲ್ಲಬೇಕು, ಒಪ್ಪುತ್ತೇನೆ. ಆದರೆ ಕುಂಡವನ್ನು ಕಿಟಕಿಯಲ್ಲಿಟ್ಟವರು ಯಾರು? ನೌಕರಿಗೆಂದು ಊರು ಬಿಟ್ಟು ಬಂದವರು ನಾವು. ಶಾಲೆ, ನೆರೆಹೊರೆ, ಆಟದ ಗೆಳೆಯರು, ಹೀಗೆ ಬೆಳಕು ಯಾವ ದಿಕ್ಕಿನಿಂದ ಬರಬೇಕೆಂದು ಗೊತ್ತುಮಾಡಿದವರೂ ನಾವೇ. ಮನೆಯೊಳಗೆ ಕನ್ನಡದ ದೀಪವೊಂದನ್ನು ಹಚ್ಚದೆ, ಮಗು ಹೊರಗೆ ನೋಡಿತೆಂದು ದೂರುವುದು ಯಾವ ಧರ್ಮ? ಈ ಪ್ರಶ್ನೆಯನ್ನು ನನಗೇ ಮೊದಲು ಹಾಕಿಕೊಂಡಿದ್ದೇನೆ.

ಮಿತ್ರರು ಈಗ ಕುಂಡವನ್ನು ವಾರಕ್ಕೊಮ್ಮೆ ತಿರುಗಿಸಿಡುತ್ತಾರೆ. ಎಳೆಯ ತುದಿ ಕೆಲವೇ ದಿನಗಳಲ್ಲಿ ಮತ್ತೆ ಹೊರಳುತ್ತದೆ. ಬಲಿತ ಕಾಂಡ ಉದ್ದವಾಗುವುದನ್ನು ನಿಲ್ಲಿಸಿರುವುದರಿಂದ ಹಳೆಯ ಡೊಂಕನ್ನು ಹಾಗೆಯೇ ಉಳಿಸಿಕೊಂಡಿದೆ. ಅವರ ಪತ್ನಿ ಆ ಡೊಂಕು ಗಿಡಕ್ಕೇ ದಿನವೂ ನೀರೆರೆದು, ಸುತ್ತು ಬರಲು ಜಾಗವಿಲ್ಲದ್ದರಿಂದ ನಿಂತಲ್ಲೇ ಪ್ರದಕ್ಷಿಣೆ ಹಾಕುತ್ತಾರೆ.