ಗುಡ್ಡ ಬೋಳು ಅಂದವರು

ಭಕ್ತರೇ, ಅಮೋಘಸಿದ್ಧನ ದರ್ಶನಕ್ಕೆ ಅರಕೇರಿಯ ಮುಮ್ಮೆಟ್ಟಿ ಗುಡ್ಡ ಹತ್ತುವವರೆಲ್ಲರ ಕಣ್ಣಿಗೆ ಗುಡ್ಡ ಒಂದೇ ಥರ ಕಾಣುವುದಿಲ್ಲ. ಮಲೆನಾಡಿನ ಹಸಿರಲ್ಲಿ ಬೆಳೆದವರು, "ಅಯ್ಯೋ, ಬರೇ ಬೋಳು ಗುಡ್ಡ, ನೋಡೋಕೆ ಏನೈತೆ?" ಅಂತಾರೆ. ಕುರಿ ಕಾಯ್ದು ಬೆಳೆದ ಹಾಲುಮತದ ಅಜ್ಜ ಮೊದಲು ಹುಲ್ಲು ನೋಡ್ತಾನ, ಆಮ್ಯಾಲೆ ಮಾಡ ನೋಡ್ತಾನ, ಅಲ್ಲೇ ನಿಂತು ಕೈ ಮುಗಿತಾನ. ಆತನಿಗೆ ಹುಲ್ಲೂ ಪ್ರಸಾದವೇ. ಅವ್ವ-ಅಪ್ಪ ಏನು ತೋರಿಸಿದರೋ ಅದೇ ಕಣ್ಣಿಗೆ ಹತ್ತುತ್ತದೆ.

ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಕಂಡದ್ದೂ ಇದೇ ಬಯಲು. ಸ್ಮಾರಕ ಬೇಡ, ಬೂದಿ ಹೊಳೆ-ಸಾಗರಕ್ಕೆ ಸೇರಲಿ ಎಂದು ಮೊದಲೇ ಬರೆದಿಟ್ಟು, 2023ರ ಜನವರಿ 2ರಂದು ಬಯಲಾದರು.

ಬೋಳು ಅಂದವರು ಬಿಟ್ಟುಹೋದ ಪ್ಲಾಸ್ಟಿಕ್ ಚೀಲ ಕುರಿಯ ಹೊಟ್ಟೆ ಸೇರುತ್ತದೆ. ಕಾಯಿ ಒಡೆಸಿದ ಮ್ಯಾಲೆ ಚೀಲ ಮಡಚಿ ಮಗುವಿನ ಕೈಗೇ ಕೊಡ್ರಿ, ಬಸ್ಸಿನ ತನಕ ಅದೇ ಹಿಡಕೊಂಡು ಇಳಿಯಲಿ.